ಶರತ್ಕಾಲದ ಘಾಟಿಯಲ್ಲಿ ಗೂಡ್ಸ್ ಗಾಡಿಯ ಛಾಯಾಚಿತ್ರ: ಎಲ್ಲಿ ನಿಲ್ಲಬೇಕು, ಯಾವ ಬೆಳಕು ಒಳ್ಳೆಯದು?

ಪ್ರಶ್ನೆ – ಕುಂಬಳೆಯಿಂದ

ತುಲಾ ಸಂಕ್ರಮಣ ಕಳೆದು ದೀಪಾವಳಿ ಬರುವ ಹೊತ್ತಿಗೆ ಮಳೆ ಹಿಂದೆಗೆದು, ತೊರೆಗಳಲ್ಲಿ ಇನ್ನೂ ನೀರು ಉಳಿದಿರುವ ದಿನಗಳಲ್ಲಿ, ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವಿನ ಘಾಟಿಯಲ್ಲಿ ಗೂಡ್ಸ್ ಗಾಡಿಗಳ ಚಿತ್ರ ತೆಗೆಯಬೇಕೆಂದು ಬಹಳ ಕಾಲದಿಂದ ಯೋಚಿಸುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಫೆದರ್ ನದಿಯ ಕಣಿವೆಯಲ್ಲಿ, ಹಳದಿಗೆ ತಿರುಗಿದ ಮರಗಳ ನಡುವೆ ಉದ್ದನೆಯ ಸರಕು ಗಾಡಿಗಳು ಸಾಗುವ ಚಿತ್ರಗಳನ್ನು ನೋಡಿದಂದಿನಿಂದ ಈ ಆಸೆ ಗಟ್ಟಿಯಾಗಿದೆ. ನಮ್ಮ ಊರಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ದೂರದಲ್ಲಿ ಅಂಥದೇ ಕಣಿವೆ ಇರುವಾಗ ಅದನ್ನು ಬಿಡಲು ಮನಸ್ಸಾಗುವುದಿಲ್ಲ. ಹಳಿಯ ಬದಿಯಲ್ಲಿ ನಡೆದು ಘಾಟಿಯ ನಡುವಿನ ಎಡಕುಮೇರಿ ನಿಲ್ದಾಣದವರೆಗೆ ಹೋಗುವ ಚಾರಣದ ಬಗ್ಗೆ ಅನೇಕರು ಬರೆದಿದ್ದಾರೆ. ಅದು ಈಗಲೂ ಸಾಧ್ಯವೇ? ಗೂಡ್ಸ್ ಗಾಡಿ ಬರುವ ಹೊತ್ತನ್ನು ಮೊದಲೇ ತಿಳಿಯುವ ದಾರಿಯೇನಾದರೂ ಇದೆಯೇ? ನನ್ನ ಬಳಿ 18–55 ಮತ್ತು 70–300 ಮಿ.ಮೀ. ಲೆನ್ಸುಗಳಿವೆ.

ಉತ್ತರ – ಮುಳ್ಳೇರಿಯದಿಂದ

ಮೊದಲು ಚಾರಣದ ವಿಷಯ. ದಯವಿಟ್ಟು ಹಳಿಯ ಮೇಲೆ ನಡೆಯುವ ಯೋಚನೆಯನ್ನು ಬಿಟ್ಟುಬಿಡಿ. ಅನುಮತಿ ಇಲ್ಲದೆ ರೈಲ್ವೆ ಜಾಗವನ್ನು ಪ್ರವೇಶಿಸುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗಿನ ಸಜೆ, ಸಾವಿರ ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಸುಮಾರು 55 ಕಿಲೋಮೀಟರಿನ ಆ ದಾರಿಯಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ತಿರುವಿನಲ್ಲಿರುವ ಸುರಂಗದೊಳಗೆ ಆ ತುದಿಯ ಬೆಳಕು ಕಾಣುವುದಿಲ್ಲ, ಸೇತುವೆಯ ಮೇಲೆ ಸರಿದು ನಿಲ್ಲಲು ಜಾಗ ಸಿಗುವುದಿಲ್ಲ, ಇಳಿಜಾರಿನಲ್ಲಿ ಎಂಜಿನ್ ಸದ್ದಿಲ್ಲದೆ ಬಂದುಬಿಡುತ್ತದೆ. ಒಂದು ಚಿತ್ರಕ್ಕಾಗಿ ಲೋಕೋ ಪೈಲಟ್‌ಗೆ ತುರ್ತು ಬ್ರೇಕ್ ಹಾಕುವ ಪರಿಸ್ಥಿತಿ ತರುವುದು ಸರಿಯಲ್ಲ.

ಹಾಗಾದರೆ ಎಲ್ಲಿ ನಿಲ್ಲಬೇಕು? ನನ್ನ ಆಯ್ಕೆ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣ. ಜಾಲ್ಸೂರು, ಸುಳ್ಯ ದಾರಿಯಾಗಿ ಹೋದರೆ ನಿಮಗೆ ಹತ್ತಿರ. ಪಣಂಬೂರಿನ ಬಂದರಿನಿಂದ ಕಲ್ಲಿದ್ದಲು ಹೊತ್ತು ಬರುವ ಗಾಡಿಗಳು ಘಾಟಿ ಹತ್ತುವ ಮೊದಲು ಇಲ್ಲಿ ನಿಲ್ಲುತ್ತವೆ, ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳು ಇಲ್ಲಿ ಜೋಡಣೆಯಾಗುತ್ತವೆ. ಫೆದರ್ ಕಣಿವೆಯಲ್ಲಿ 1909ರಲ್ಲಿ ಪೂರ್ಣಗೊಂಡ ಹಳಿಯ ಏರು ನೂರಕ್ಕೆ ಒಂದನ್ನು ಮೀರದಂತೆ ನೋಡಿಕೊಂಡಿದ್ದರು. ನಮ್ಮ ಘಾಟಿಯ ಏರು ಐವತ್ತಕ್ಕೆ ಒಂದು, ಅಂದರೆ ಅದರ ಎರಡು ಪಟ್ಟು. ಆದ್ದರಿಂದಲೇ ಮುಂದೆ ಎಂಜಿನ್‌ಗಳು ಎಳೆಯುತ್ತಿರುವಾಗ ಹಿಂದೆಯೂ ಎಂಜಿನ್‌ಗಳು ತಮ್ಮ ಪೂರ್ಣ ಶಕ್ತಿಯಿಂದ ದೂಡುತ್ತಿರುತ್ತವೆ. ಹೆಚ್ಚಿನವರು ಮುಂದಿನ ಎಂಜಿನ್ ದಾಟಿದ ಕೂಡಲೇ ಕ್ಯಾಮೆರಾ ಕೆಳಗಿಳಿಸುತ್ತಾರೆ. ಘಾಟಿಯ ಕಷ್ಟವನ್ನು ನಿಜವಾಗಿ ಹೇಳುವುದು ಹಿಂದಿನ ಜೋಡಿ. ಅದು ಬರುವವರೆಗೆ ಕಾಯಿರಿ. ನಿಲ್ದಾಣಕ್ಕೆ ಹೋದಾಗ ಮೊದಲು ಸ್ಟೇಷನ್ ಮಾಸ್ಟರರನ್ನು ಕಂಡು ಉದ್ದೇಶವನ್ನು ತಿಳಿಸಿ, ಅವರು ಒಪ್ಪಿದರೆ ಮಾತ್ರ ಪ್ಲಾಟ್‌ಫಾರ್ಮಿನಲ್ಲಿ ನಿಂತು ತೆಗೆಯಿರಿ.

ಗೂಡ್ಸ್ ಗಾಡಿಗೆ ಸಾರ್ವಜನಿಕರು ನೋಡಬಹುದಾದ ವೇಳಾಪಟ್ಟಿ ಇಲ್ಲ. ಆದರೆ ಘಾಟಿಯಲ್ಲಿರುವುದು ಒಂಟಿ ಹಳಿ. ಪ್ಯಾಸೆಂಜರ್ ಗಾಡಿಗೆ ದಾರಿ ಬಿಡಲು ಗೂಡ್ಸ್ ಗಾಡಿಯನ್ನು ನೆಟ್ಟಣ, ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ನಿಲ್ದಾಣಗಳಲ್ಲಿ ಒಂದರ ಲೂಪ್ ಲೈನಿನಲ್ಲಿ, ಅಂದರೆ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿಯಲ್ಲಿ, ನಿಲ್ಲಿಸುತ್ತಾರೆ. ಹೀಗಾಗಿ ಪ್ಯಾಸೆಂಜರ್ ಗಾಡಿ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಿಕೊಂಡರೆ, ಅದು ದಾಟಿದ ಮೇಲೆ ಕಾದಿರುವ ಗೂಡ್ಸ್ ಹೊರಡುವ ಸಂಭವವನ್ನು ಊಹಿಸಬಹುದು. ಊಹೆ ತಪ್ಪುವುದೂ ಉಂಟು; ಇಡೀ ದಿನ ಕೈಯಲ್ಲಿಟ್ಟುಕೊಂಡೇ ಬನ್ನಿ.

ಉತ್ತರ – ಬದಿಯಡ್ಕದಿಂದ

ಬೆಳಕಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನಮ್ಮ ಘಾಟಿಯದು ನಿತ್ಯಹರಿದ್ವರ್ಣದ ಕಾಡು, ಶರತ್ಕಾಲದಲ್ಲಿ ಅಲ್ಲಿ ಎಲೆ ಹಳದಿಯಾಗುವುದಿಲ್ಲ. ಋತುವನ್ನು ತೋರಿಸುವುದು ತೊಳೆದಂತಿರುವ ಆಕಾಶ, ಬೆಳಗಿನ ಮಂಜು, ಬಂಡೆಗಳ ನಡುವೆ ತಿಳಿಯಾಗಿ ಹರಿಯುವ ನೀರು. ಚೌಕಟ್ಟಿನಲ್ಲಿ ಇವುಗಳಿಗೆ ಜಾಗ ಕೊಡದೆ ಎಂಜಿನ್ನಿನ ಮುಖವನ್ನೇ ತುಂಬಿಸಿದರೆ ಅದು ಯಾವ ಊರಿನ, ಯಾವ ತಿಂಗಳ ಚಿತ್ರವೂ ಆಗಬಹುದು.

ಶಿರಾಡಿ ಘಾಟಿಯ ಹೆದ್ದಾರಿಯಿಂದ ಕಣಿವೆಯಾಚೆಯ ರೈಲು ಸೇತುವೆಗಳು ಅಲ್ಲಲ್ಲಿ ಕಾಣುತ್ತವೆ; ನಿಮ್ಮ 70–300 ಲೆನ್ಸಿನ ಕೆಲಸ ಅಲ್ಲಿ. ಆದರೆ ರೈಲು ದಾರಿ ಹೆದ್ದಾರಿಗೆ ದಕ್ಷಿಣದಲ್ಲಿದೆ, ಸೆಪ್ಟೆಂಬರ್ ಕೊನೆಯಿಂದ ಸೂರ್ಯನೂ ದಕ್ಷಿಣಕ್ಕೆ ವಾಲಿರುತ್ತಾನೆ. ನಡುಹಗಲಿನಲ್ಲಿ ಬೆಳಕು ನೇರ ಎದುರಾಗಿ ಕಣಿವೆ ಮಬ್ಬು ಗೋಡೆಯಂತಾಗುತ್ತದೆ, ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ ಅಡ್ಡ ಬೆಳಕು ಬಿದ್ದಾಗ ಮಾತ್ರ ಬೆಟ್ಟದ ಮಡಿಕೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ತುಲಾ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಸಾಮಾನ್ಯವಾದ್ದರಿಂದ ಬೆಳಗನ್ನೇ ನಂಬುವುದು ಮೇಲು. ಹೆದ್ದಾರಿಯ ತಿರುವುಗಳಲ್ಲಿ ವಾಹನ ನಿಲ್ಲಿಸಲೇಬೇಡಿ. ಅಗಲವಾದ ಜಾಗದಲ್ಲಿ ನಿಲ್ಲಿಸಿ, ಲಾರಿಗಳ ಮೇಲೆ ಕಣ್ಣಿಟ್ಟುಕೊಂಡು ನಡೆಯಿರಿ.

ಸುರಂಗದ ಬಾಯಿಯನ್ನು ಚೌಕಟ್ಟಿಗೆ ತಂದಾಗ ಕ್ಯಾಮೆರಾ ಆ ಕತ್ತಲೆಯನ್ನು ಅಳೆದು ಇಡೀ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಬಿಸಿಲಿರುವ ಎಲೆಗಳಿಗೆ ಹೊಂದುವಂತೆ ಮ್ಯಾನುವಲ್‌ನಲ್ಲಿ ಮೊದಲೇ ಬೆಳಕಿನ ಅಳತೆ ಕಟ್ಟಿಟ್ಟುಕೊಳ್ಳಿ, ಆಗ ಎಂಜಿನ್ನಿನ ಹೆಡ್‌ಲೈಟ್ ಬಂದರೂ ಲೆಕ್ಕ ಕೆಡುವುದಿಲ್ಲ. ಏರಿನಲ್ಲಿ ಗಾಡಿ ನಿಧಾನವಾಗಿರುವುದರಿಂದ ದೂರದಿಂದ ತೆಗೆಯುವಾಗ ಗಾಡಿಗೆ ಸೆಕೆಂಡಿನ 250ನೇ ಒಂದು ಭಾಗದ ಶಟರ್ ವೇಗ ಸಾಕು, 300 ಮಿ.ಮೀ.ಗೆ ಹೋದರೆ ಕೈನಡುಕದ ಕಾರಣ 500ನೇ ಒಂದು ಭಾಗವಾದರೂ ಬೇಕು. ಒದ್ದೆ ಎಲೆಗಳ ಮಿನುಗನ್ನು ತಗ್ಗಿಸಲು ಪೋಲರೈಸರ್ ಫಿಲ್ಟರ್ ಬಹಳ ಉಪಯುಕ್ತ, ಆದರೆ ಅದು ಒಂದೂವರೆ ಎರಡು ಸ್ಟಾಪ್‌ಗಳಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕನ್ನು ನುಂಗುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ವಿಷಯ: ತುಂಬಿದ ಕಲ್ಲಿದ್ದಲ ರೇಕ್, ಅಂದರೆ ವ್ಯಾಗನ್‌ಗಳ ಇಡೀ ಸಾಲು, ಆರುನೂರು ಮೀಟರಿನಷ್ಟು ಉದ್ದವಾಗಬಹುದು, ಎರಡು ಸುರಂಗಗಳ ನಡುವಿನ ಬಯಲು ಹೆಚ್ಚಿನ ಕಡೆ ಅಷ್ಟಿಲ್ಲ. ಇಡೀ ಗಾಡಿ ಒಂದೇ ಚಿತ್ರದಲ್ಲಿ ಬರಬೇಕೆಂಬ ಹಟ ಬೇಡ. ಒಂದು ತುದಿ ಬೆಟ್ಟದೊಳಗಿದ್ದು ನಡುಭಾಗ ಸೇತುವೆಯ ಮೇಲೆ ಬಾಗಿರುವ ನೋಟವೇ ಈ ಘಾಟಿಗೆ ಸಹಜವಾದದ್ದು.

ಉತ್ತರ – ಕಾಸರಗೋಡು ಪೇಟೆಯಿಂದ

ಮೇಲಿನ ಇಬ್ಬರ ಸಲಹೆಗಳನ್ನೂ ಒಪ್ಪುತ್ತೇನೆ, ಆದರೂ ಘಾಟಿಗೆ ಹೋಗುವ ಮೊದಲು ಇಲ್ಲೇ ಹತ್ತಿರದ ಚಂದ್ರಗಿರಿ ಹೊಳೆಯ ಬಳಿ ಅಭ್ಯಾಸ ಮಾಡಿ ಎನ್ನುತ್ತೇನೆ. ಬಿದನೂರಿನ ಶಿವಪ್ಪ ನಾಯಕ ಕಟ್ಟಿಸಿದ ಕೋಟೆಯ ಮೇಲೆ ನಿಂತರೆ ಹೊಳೆ, ರೈಲು ಸೇತುವೆ, ತೆಂಗಿನ ತೋಟ, ಅದರಾಚೆಗೆ ಕಡಲು ಇವೆಲ್ಲ ಪಡುವಣಕ್ಕೆ ಕಾಣುತ್ತವೆ, ಬೆಳಗಿನ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬೀಳುತ್ತದೆ. ಕೊಡಗಿನ ಬೆಟ್ಟಗಳಿಂದ ಪಯಸ್ವಿನಿಯಾಗಿ ಇಳಿದುಬರುವ ಈ ಹೊಳೆ ಮಳೆಗಾಲದಲ್ಲಿ ಕೆಂಪಾಗಿ ಹರಿದು, ಈ ತಿಂಗಳುಗಳಲ್ಲಿ ಮೆಲ್ಲಗೆ ತಿಳಿಯಾಗುತ್ತದೆ. ಕಣಿವೆಯ ಆಳ ಇಲ್ಲಿಲ್ಲ. ಆದರೆ ಗಾಡಿ ಮರೆಯಿಲ್ಲದೆ ನೀರಿನ ಮೇಲೆ ಹಾದುಹೋಗುವುದರಿಂದ, ಘಾಟಿಯಲ್ಲಿ ಸಿಗದ ಉದ್ದದ ನೋಟ ಇಲ್ಲಿ ದೊರೆಯುತ್ತದೆ. ಜೋಡಿ ಹಳಿಯಾದ್ದರಿಂದ ಎದುರು ಗಾಡಿ ಬಂದು ಮರೆಮಾಡುವುದುಂಟು. ವೇಗವೂ ಹೆಚ್ಚಿರುವುದರಿಂದ ಶಟರನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಹತ್ತಿರ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹಳಿಯ ಮೇಲಿನ ನಡಿಗೆಯನ್ನು ಸಂಪೂರ್ಣವಾಗಿ ಕೈಬಿಟ್ಟಿದ್ದೇನೆ. ಮಂಗಳೂರಿನಿಂದ ಹೊರಡುವ ಹಗಲು ಗಾಡಿಯಲ್ಲಿ 2021ರಿಂದ ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿಗಳಿವೆಯಲ್ಲ, ಅದರೊಳಗಿನಿಂದ ಎಡಕುಮೇರಿಯಂಥ ನಿಲ್ದಾಣಗಳಲ್ಲಿ ಕಾದು ನಿಂತ ಗೂಡ್ಸ್ ಗಾಡಿಯನ್ನು ತೆಗೆಯಬಹುದೇ?

ಉತ್ತರ – ಮುಳ್ಳೇರಿಯದಿಂದ

ತೆಗೆಯಬಹುದು. ಗಾಜಿನ ಪ್ರತಿಬಿಂಬ ಬರದಂತೆ ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿಯಿರಿ, ಕಡುಬಣ್ಣದ ಅಂಗಿ ಹಾಕಿಕೊಳ್ಳಿ, ಪೋಲರೈಸರನ್ನು ಮಾತ್ರ ತೆಗೆದಿಡಿ. ಕೆಲವು ಗಾಜುಗಳ ಮೂಲಕ ಅದು ಬಣ್ಣದ ಪಟ್ಟೆಗಳನ್ನು ಮೂಡಿಸುತ್ತದೆ. ಚಿತ್ರವೇ ಮುಖ್ಯವೆಂದಾದರೆ ಗಾಜನ್ನು ಮೇಲೆತ್ತಬಹುದಾದ ಸಾಮಾನ್ಯ ಬೋಗಿಯ ಕಿಟಕಿ ನನಗೆ ಹೆಚ್ಚು ಇಷ್ಟ. ಲೆನ್ಸ್ ಸರಳುಗಳಿಂದ ಆಚೆಗೆ ಹೋಗಬಾರದು, ಬಾಗಿಲಲ್ಲಿ ನಿಲ್ಲಬಾರದು. ಪಕ್ಕದ ಲೂಪ್ ಲೈನಿನಲ್ಲಿರುವ ಗಾಡಿ ತೀರಾ ಹತ್ತಿರವಿರುವುದರಿಂದ ಆಗ ನಿಮ್ಮ 18–55 ಲೆನ್ಸೇ ಕ್ಯಾಮೆರಾದಲ್ಲಿರಲಿ.