‘ಹಳೇ ಚೆಂಡು’ ಅಂದರೆ ಯಾವ ಹಳೇದು?

ಎಲ್ಲರಿಗೂ ನಮಸ್ಕಾರ. ಟೆನ್‌ಪಿನ್ ಬೌಲಿಂಗ್ ಬಗ್ಗೆ, ಅಂದರೆ ಹಲಗೆ ಹಾಸಿದ ಲೇನಿನಲ್ಲಿ ಭಾರದ ಚೆಂಡು ಉರುಳಿಸಿ ಕೊನೆಯಲ್ಲಿ ನಿಲ್ಲಿಸಿದ ಹತ್ತು ಪಿನ್ ಬೀಳಿಸುವ ಆಟದ ಬಗ್ಗೆ, ಒಂದು ಬರಹ ಬರೆಯುತ್ತಿದ್ದೇನೆ. ಲೇನಿಗೆ ಎಣ್ಣೆ ಹಚ್ಚುವ ಬಗೆ ಬದಲಾದರೆ ಹಳೇ ಚೆಂಡುಗಳು ಹೇಗೆ ಓಡುತ್ತವೆ ಅನ್ನೋದು ವಿಷಯ. ಪಿನ್, ಲೇನ್, ಗಟರ್ ಇವನ್ನೆಲ್ಲ ಹಾಗೇ ಇಟ್ಟುಕೊಳ್ಳುತ್ತೇನೆ, ಅದರಲ್ಲಿ ತಕರಾರಿಲ್ಲ. ಲೇನಿನ ಎರಡೂ ಬದಿಗಿರುವ ಗಟರನ್ನು ಚರಂಡಿ ಅಂದರೆ ಓದುವವರು ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ! ತೊಡಕಿರುವುದು ಬೇರೆ ಕೆಲವು ಕಡೆ.

ಮೊದಲನೆಯದು ‘ಹಳೇ ಚೆಂಡು’. ನಮ್ಮ ಕಿವಿಗೆ ಇದು ಪಕ್ಕಾ ಕ್ರಿಕೆಟ್ ಮಾತು, ರಿವರ್ಸ್ ಸ್ವಿಂಗ್ ಆಗುವ ಚೆಂಡು. ಅದನ್ನು ಹೇಗೋ ದಾಟಬಹುದು ಅನ್ನಿ. ಆದರೆ ಟೆನ್‌ಪಿನ್‌ನಲ್ಲಿ ಹಳೇದು ಅನ್ನುವುದರಲ್ಲೇ ಎರಡು ಜಾತಿ ಇದೆ. ಒಂದು, ಹಳೇ ಕಾಲದ ಸಾಮಗ್ರಿಯಿಂದ ಮಾಡಿದ್ದು. ಮೊದಲು ಮರದ ಚೆಂಡು ಇತ್ತು. 20ನೇ ಶತಮಾನದ ಶುರುವಿನಲ್ಲಿ ರಬ್ಬರ್ ಬಂತು. 1960ರ ಆಸುಪಾಸಿನಲ್ಲಿ ಪಾಲಿಯೆಸ್ಟರ್, 1980ರ ದಶಕದ ಆರಂಭದಲ್ಲಿ ಯುರೆಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಬಂದವು, ಮೂರೂ ಪ್ಲಾಸ್ಟಿಕ್ಕಿನ ಬಗೆಗಳೇ. ಇನ್ನೊಂದು, ಆಡಿ ಆಡಿ ಸವೆದದ್ದು. ಬಾಕ್ಸಿನಿಂದ ತೆಗೆಯದೇ ಇಟ್ಟ 1980ರ ದಶಕದ ಯುರೆಥೇನ್ ಚೆಂಡು ಹಳೇದು, ಆದರೆ ಸವೆದಿಲ್ಲ. ಈಚೆಗೆ ಕೊಂಡು ದಿನಾ ಎಡೆಬಿಡದೆ ಆಡಿದ ರಿಯಾಕ್ಟಿವ್ ಚೆಂಡು ಹೊಸದು, ಆದರೆ ಆಗಲೇ ಸುಸ್ತಾಗಿರುತ್ತದೆ. ಮೊದಲನೆಯದಕ್ಕೆ ‘ಹಳೇ ಕಾಲದ ಚೆಂಡು’, ಎರಡನೆಯದಕ್ಕೆ ‘ಹಳತಾದ ಚೆಂಡು’ ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ. ಓದುವಾಗ ಈ ವ್ಯತ್ಯಾಸ ತಟ್ಟನೆ ಹೊಳೆಯುತ್ತದಾ?

ಎರಡನೆಯದು ಚೆಂಡಿನ ಓಟಕ್ಕೆ ಕ್ರಿಯಾಪದಗಳು. ಎಸೆಯುವವರು ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಅಗಲಕ್ಕೆ 39 ಹಲಗೆ. ಎಣ್ಣೆ ಇರುವುದು ಸುಮಾರು 40 ಅಡಿಯವರೆಗೆ, ಉಳಿದದ್ದು ಒಣ. ಎಣ್ಣೆಯ ಮೇಲೆ ಚೆಂಡು ತನ್ನಷ್ಟಕ್ಕೆ ಗಿರಕಿ ಹೊಡೆಯುತ್ತಾ ನೇರ ಜಾರುತ್ತದೆ. ಒಣ ಹಲಗೆ ಸಿಕ್ಕ ಕೂಡಲೇ ಘರ್ಷಣೆ ಹುಟ್ಟಿ ಪಿನ್‌ಗಳ ಕಡೆ ಹೊರಳುತ್ತದೆ. ಕೊನೆಗೆ ಗಿರಕಿಯೂ ಓಟವೂ ಒಂದಾಗಿ ಉರುಳುತ್ತದೆ. ಜಾರು, ಹೊರಳು, ಉರುಳು. ಮೂರೂ ಅಚ್ಚಗನ್ನಡ, ಸಾಲಾಗಿ ಕೂತರೆ ಚೆಂದ. ‘ತಿರುಗು’ ಬೇಡ ಅನ್ನಿಸಿತು. ಚೆಂಡು ಜಾರುವಾಗಲೂ ತಿರುಗುತ್ತಲೇ ಇರುತ್ತದಲ್ಲ! ಒಣ ಜಾಗದಲ್ಲಿ ಚೆಂಡಿಗೆ ಹಿಡಿತ ಸಿಗುವುದಕ್ಕೆ ‘ಕಚ್ಚು’ ಒಳ್ಳೇ ಪದ. ಆದರೆ ‘ಚೆಂಡು ನೆಲ ಕಚ್ಚಿತು’ ಅಂತ ಬರೆದರೆ ಕಥೆ ಮುಗಿಯಿತು, ಸಿನಿಮಾ ನೆಲ ಕಚ್ಚಿದ ಹಾಗೆ ಆಗುತ್ತದೆ. ಹಾಗಾಗಿ ‘ಹಲಗೆ ಕಚ್ಚಿತು’ ಅಂದಿದ್ದೇನೆ.

ಎಣ್ಣೆ ಹಚ್ಚಿದ ಮಾದರಿಗೆ ‘ಎಣ್ಣೆ ಹಾಸು’ ಅಂತ ಇಟ್ಟಿದ್ದೇನೆ. ಮಾಮೂಲಿ ಆಟಗಾರರಿಗಾಗಿ ಹಚ್ಚುವ ಹಾಸಿನಲ್ಲಿ ನಡುವೆ ಎಣ್ಣೆ ಜಾಸ್ತಿ, ಅಂಚಿನಲ್ಲಿ ತೀರಾ ಕಡಿಮೆ. ಎಂಟು ಹತ್ತು ಪಟ್ಟು ವ್ಯತ್ಯಾಸ ಇರುತ್ತದೆ. ಚೆಂಡು ಸ್ವಲ್ಪ ಹೊರಗೆ ಹೋದರೆ ಒಣ ಹಲಗೆ ಅದನ್ನು ವಾಪಸ್ ಕಳಿಸುತ್ತದೆ. ಒಳಗೆ ಬಿದ್ದರೆ ಎಣ್ಣೆ ಅದನ್ನು ನೇರ ಇಡುತ್ತದೆ. ಗಟ್ಟಿ ಪಂದ್ಯಗಳ ಹಾಸಿನಲ್ಲಿ ಈ ವ್ಯತ್ಯಾಸ ಮೂರು ನಾಲ್ಕು ಪಟ್ಟಿನೊಳಗೇ ಇರುತ್ತದೆ, ತಪ್ಪಿಗೆ ಕ್ಷಮೆ ಇಲ್ಲ. ಉದ್ದವೂ ಬದಲಾಗುತ್ತದೆ. ಅಮೆರಿಕದ ವೃತ್ತಿಪರರ ಪಂದ್ಯಗಳಲ್ಲಿ ಕೆಲವು ಹಾಸುಗಳಿಗೆ ಪ್ರಾಣಿಗಳ ಹೆಸರಿವೆ. ‘ಚೀತಾ’ ಗಿಡ್ಡ ಹಾಸು, ‘ಶಾರ್ಕ್’ ಉದ್ದದ್ದು. ಉದ್ದದಿಂದ 31 ಕಳೆದರೆ ಚೆಂಡು ಹೊರಳಬೇಕಾದ ಹಲಗೆ ಸಿಗುತ್ತದೆ ಅನ್ನೋದು ಆಟಗಾರರ ಅಂದಾಜಿನ ಲೆಕ್ಕ. ಹಾಸು 40 ಅಡಿ ಇದ್ದರೆ ಗಟರಿನಿಂದ 9ನೇ ಹಲಗೆ.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ರಿಯಾಕ್ಟಿವ್ ಚೆಂಡಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಆಡಿದಷ್ಟೂ ಅದು ಎಣ್ಣೆ ಕುಡಿಯುತ್ತದೆ. ಮರ ನೀರು ಕುಡಿಯಿತು, ಗೋಡೆ ಬಣ್ಣ ಕುಡಿಯಿತು ಅನ್ನುತ್ತೇವಲ್ಲ, ಹಾಗೆ. ‘ಎಣ್ಣೆ ಕುಡಿದ ಚೆಂಡು’ ಅಂದರೆ ಯಾರಾದರೂ ಕಿಸಕ್ಕನೆ ನಗುತ್ತಾರೆ ಅಂತ ಗೊತ್ತು. ನಗಲಿ, ಪದ ನೆನಪಲ್ಲಿ ಉಳಿಯುತ್ತದೆ. ಕುಡಿದೂ ಕುಡಿದೂ ಮೈ ನುಣುಪಾಗಿ, ರಂಧ್ರಗಳು ತುಂಬಿ, ಒಣ ಹಲಗೆ ಬಂದರೂ ಚೆಂಡು ಕಚ್ಚುವುದಿಲ್ಲ. ಇಂಥದ್ದನ್ನು ಇಂಗ್ಲಿಷಿನಲ್ಲಿ ‘ಸತ್ತಿದೆ’ ಅಂದುಬಿಡುತ್ತಾರೆ.

‘ಸತ್ತ ಚೆಂಡು’ ನನಗೆ ಒಪ್ಪಿಗೆಯಾಗುತ್ತಿಲ್ಲ. ಅದು ಸಾಯುವುದು ಉದ್ದ ಹಾಸಿನ ಮೇಲೆ ಮಾತ್ರ. 45 ಅಡಿ ಎಣ್ಣೆ ಇದ್ದರೆ ಕಚ್ಚಲು ಉಳಿಯುವುದು 15 ಅಡಿ. ಹಳತಾದ ಚೆಂಡಿಗೆ ಅದು ಸಾಲದು, ಸುಮ್ನೆ ಜಾರಿಕೊಂಡು ಹೋಗಿ ಪಿನ್‌ಗೆ ಬಡಿಯುತ್ತದೆ. ಅದೇ ಚೆಂಡನ್ನು 35 ಅಡಿಯ ಹಾಸಿನ ಮೇಲೆ ತನ್ನಿ. ಒಣ ಜಾಗ 25 ಅಡಿ. ಹೊಸ ರಿಯಾಕ್ಟಿವ್ ಅಲ್ಲಿ ಬೇಗನೆ ಕಚ್ಚಿ ಸಿಕ್ಕಾಪಟ್ಟೆ ಹೊರಳಿ ದಾರಿ ತಪ್ಪುತ್ತದೆ. ಹಳತಾದದ್ದು ನಿಧಾನವಾಗಿ ಬಾಗಿ ಸರಿಯಾದ ಜಾಗಕ್ಕೆ ಬರುತ್ತದೆ. ಹಳೇ ಕಾಲದ ಯುರೆಥೇನ್ ಕೂಡ ಇಲ್ಲಿ ರಾಜನೇ. ಅದಕ್ಕೆ ಎಣ್ಣೆ ಕುಡಿಯುವ ಚಟ ಕಡಿಮೆ, ಹಾಗಾಗಿ ಒಂದೇ ಹದದಲ್ಲಿ ಬಾಗುತ್ತದೆ. ಆದರೆ ಕುಡಿಯದ ಎಣ್ಣೆಯನ್ನು ಮುಂದಿನ ಒಣ ಹಲಗೆಗೆ ಒಯ್ದು ಸವರುತ್ತದೆ. ಆಮೇಲೆ ಆಡುವವರಿಗೆ ಅದೇ ತಲೆನೋವು.

ಒಂದು ಚೆಂಡನ್ನು ವಾಪಸ್ ಬಂದ ಕೂಡಲೇ ಕೈಗೆತ್ತಿಕೊಂಡು ನೋಡಿ. ಹೊಸ ಕಾಲದ್ದಾದರೆ ಎಣ್ಣೆಯ ಗೆರೆಗಳು ಒಂದರ ಪಕ್ಕ ಒಂದು ಬೇರೆ ಬೇರೆಯಾಗಿ ಕಾಣುತ್ತವೆ. ಒಳಗಿನ ತೂಕದ ಗುಂಡಿನ ಆಕಾರದಿಂದ ಗಿರಕಿಯ ಅಕ್ಷ ಸರಿಯುತ್ತಾ ಪ್ರತಿ ಸುತ್ತಿಗೂ ಒಣ ಮೈ ಲೇನಿಗೆ ತಾಗುತ್ತದೆ. ಬಿಲ್ಲೆಯಂಥ ತೂಕ ಇಟ್ಟ ಹಳೇ ಕಾಲದ್ದರಲ್ಲಿ ಹೆಚ್ಚುಕಡಿಮೆ ಒಂದೇ ಗೆರೆ. ತಾನೇ ಮೆತ್ತಿಕೊಂಡ ಎಣ್ಣೆಯ ಮೇಲೆ ತಾನೇ ಉರುಳುತ್ತಿರುತ್ತದೆ. ಎಣ್ಣೆ ಜಾಸ್ತಿ ಇರುವ ಕಡೆ ಅದು ಸೋಲುವುದಕ್ಕೆ ಇದೂ ಒಂದು ಕಾರಣ, ಸವೆತಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಮಾತು. ಸತ್ತದ್ದು ಎದ್ದು ಬರುವುದಿಲ್ಲ, ಇದು ಬರುತ್ತದೆ. ಬೆರಳಿನ ತೂತುಗಳಿಗೆ ಟೇಪ್ ಅಂಟಿಸಿ, ಸೋಪು ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಎಣ್ಣೆ ಬೆವರಿನಂತೆ ಹೊರಗೆ ಬರುತ್ತದೆ. ಆಮೇಲೆ ಮರಳು ಕಾಗದದಂಥ 500 ಅಥವಾ 1000 ನಂಬರಿನ ಪ್ಯಾಡಿನಲ್ಲಿ ಉಜ್ಜಿದರೆ ಮೈ ಮತ್ತೆ ಒರಟಾಗಿ, ಉದ್ದ ಹಾಸಿನ ಮೇಲೂ ಸುಮಾರಾಗಿ ಕಚ್ಚುತ್ತದೆ. ಪೂರ್ತಿ ಮೊದಲಿನ ಹಾಗೆ ಆಗಲಿಕ್ಕಿಲ್ಲ.

ಅದಕ್ಕೇ ‘ಮೊಂಡು ಚೆಂಡು’ ಅಂತ ಯೋಚಿಸಿದೆ. ಕತ್ತಿ ಮೊಂಡಾದರೆ ಸಾಣೆ ಹಿಡಿಯುತ್ತೇವೆ, ಬಿಸಾಡುವುದಿಲ್ಲ. ಹೊರಳು ಅಂದರೆ ಹೊರಳದ ಮೊಂಡುತನವೂ ಅದರಲ್ಲೇ ಬಂತು. ‘ಮಂಕಾದ’ ಅಂದರೆ ಬಣ್ಣ ಹೋದದ್ದು ಅಂತಾಗುತ್ತದೆ, ಆದರೆ ಹಳತಾದ ಚೆಂಡು ಎಷ್ಟೋ ಸಲ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ‘ಸವೆದ’ ಕೂಡ ಅರ್ಧ ಸತ್ಯ. ಇಲ್ಲಿ ಕಳೆದುಹೋದದ್ದಕ್ಕಿಂತ ಒಳಗೆ ಸೇರಿಕೊಂಡದ್ದೇ ಜಾಸ್ತಿ.

ನನ್ನ ಅನುಮಾನ ಇಷ್ಟೇ. ‘ಮೊಂಡು’ ಅನ್ನುವುದನ್ನು ಅಂಚು, ಮೊನೆ ಇರುವ ವಸ್ತುಗಳಿಗೆ ಮಾತ್ರ ಹೇಳುತ್ತೇವಾ? ಉಜ್ಜುವ ಕಲ್ಲು, ಅರ, ಮರಳು ಕಾಗದ ಇಂಥವುಗಳ ಮೈ ನುಣುಪಾಗಿ ಕೆಲಸಕ್ಕೆ ಬಾರದಾದಾಗ ಬಡಗಿಗಳು, ಲೇತ್ ಕೆಲಸದವರು ಏನನ್ನುತ್ತಾರೆ? ಬೀಸುವ ಕಲ್ಲಿಗೆ ಮುಳ್ಳು ಹಾಕಿಸುವುದು ಅಂತ ಇದೆ. ಮುಳ್ಳು ಹೋದ ಕಲ್ಲಿಗೂ ಒಂದು ಪದ ಇರಲೇಬೇಕು, ಅಲ್ವಾ? ಗೊತ್ತಿದ್ದವರು, ಯಾವ ಕಡೆಯ ಮಾತು ಅನ್ನೋದನ್ನೂ ಸೇರಿಸಿ ತಿಳಿಸಿ.