ದಿನಕ್ಕೊಂದು ಸ್ಟ್ರಾಂಗ್ ಬಿಯರ್: ಎಷ್ಟಾದ್ರೆ ಜಾಸ್ತಿ?

ತುಂಗಾತೀರ (ಪ್ರಶ್ನೆ)

ನಮ್ಮ ಭಾವನವರ ವಿಷಯಕ್ಕೆ ಕೇಳ್ತಿದ್ದೀನಿ. ವಯಸ್ಸು 44, ತೂಕ 82 ಕೆಜಿ, ಎತ್ತರ 168 ಸೆಂ.ಮೀ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಸ್ಟ್ರಾಂಗ್, 650 ಎಂಎಲ್ ಬಾಟ್ಲು. ಶನಿವಾರ ಭಾನುವಾರ ಎರಡೆರಡು. ಹಾಟ್ (ವಿಸ್ಕಿ, ರಮ್) ಮುಟ್ಟೋದಿಲ್ಲ. "ಬಿಯರ್ ತಾನೆ" ಅನ್ನೋದು ಅವರ ಒಂದೇ ಉತ್ತರ. ಬಿಪಿಗೆ ಟೆಲ್ಮಿಸಾರ್ಟನ್ 40 ತಗೋತಾರೆ, ಶುಗರ್ ಇಲ್ಲ.

ಕಳೆದ ವಾರದ ರಿಪೋರ್ಟ್: ಲಿವರ್ ಎನ್ಜೈಮ್‌ಗಳಾದ ಎಸ್‌ಜಿಒಟಿ 71, ಎಸ್‌ಜಿಪಿಟಿ 58, ಜಿಜಿಟಿ 140, ಟ್ರೈಗ್ಲಿಸರೈಡ್ 310, ಪ್ಲೇಟ್‌ಲೆಟ್ 1.9 ಲಕ್ಷ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1. ಬಿಲಿರುಬಿನ್ ನಾರ್ಮಲ್.

ಇದು ಜಾಸ್ತಿನಾ? ಎಷ್ಟಕ್ಕೆ ಇಳಿಸಿದ್ರೆ ಸಾಕು? ಮೈಲ್ಡ್‌ಗೆ ಬದಲಾಯಿಸಿದ್ರೆ ಆಗುತ್ತಾ? ಬರೀ "ಕಮ್ಮಿ ಮಾಡಿ" ಅಂದ್ರೆ ಅವರು ಕೇಳಲ್ಲ, ಲೆಕ್ಕ ಸಮೇತ ಹೇಳಿದ್ರೆ ಕೇಳ್ತಾರೆ.

ಗ್ರಾಂಲೆಕ್ಕ

ಬಾಟ್ಲು ಎಣಿಸೋದು ಬಿಟ್ಟು ಗ್ರಾಂ ಎಣಿಸಿ. ಅರ್ಧ ವಾದ ಅಲ್ಲೇ ಮುಗಿಯುತ್ತೆ.

ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಆಲ್ಕೋಹಾಲ್ ಶೇಕಡಾ ಎಷ್ಟು ಅಂತ ಇರುತ್ತೆ. ನಮ್ಮ ದೇಶದ ನಿಯಮದಲ್ಲಿ ಶೇ. 5 ದಾಟಿ ಶೇ. 8ರವರೆಗೆ ಇದ್ರೆ ಅದು ಸ್ಟ್ರಾಂಗ್. "8ಕ್ಕೆ ಮೀರದಂತೆ" ಅಂತ ಬರೆದಿದ್ರೆ 8 ಅಂತಲೇ ಹಿಡೀರಿ. ಬಾಟ್ಲಿನ ಎಂಎಲ್ ಅನ್ನು ಆ ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನ 0.79ರಿಂದ ಗುಣಿಸಿ. ಆಲ್ಕೋಹಾಲ್ ನೀರಿಗಿಂತ ಹಗುರ, ಅದಕ್ಕೆ ಈ 0.79.

650 × 8 ÷ 100 = 52 ಎಂಎಲ್. 52 × 0.79 = 41 ಗ್ರಾಂ. ಮೈಲ್ಡ್ ಶೇ. 5 ಆದ್ರೆ ಅದೇ ಬಾಟ್ಲಲ್ಲಿ 26 ಗ್ರಾಂ. 330ರ ಪೈಂಟ್ ಮೈಲ್ಡ್ 13 ಗ್ರಾಂ. 500ರ ಸ್ಟ್ರಾಂಗ್ ಕ್ಯಾನ್ 32 ಗ್ರಾಂ.

ಇನ್ನು "ಹಾಟ್ ಮುಟ್ಟಲ್ಲ" ಅನ್ನೋ ಮಾತಿಗೆ ಬನ್ನಿ. ಇಲ್ಲಿ ಸಿಗೋ ವಿಸ್ಕಿ, ರಮ್ ಶೇ. 42.8. ಒಂದು ಲಾರ್ಜ್, ಅಂದ್ರೆ 60 ಎಂಎಲ್, 20 ಗ್ರಾಂ ಚಿಲ್ರೆ. ಒಂದು ಸ್ಟ್ರಾಂಗ್ ಬಾಟ್ಲು ಸರಿಯಾಗಿ ಎರಡು ಲಾರ್ಜ್. ನಿಮ್ಮ ಭಾವನವರದು ವಾರಕ್ಕೆ 9 ಬಾಟ್ಲು, 369 ಗ್ರಾಂ, ಅಂದ್ರೆ 18 ಲಾರ್ಜ್. 750 ಎಂಎಲ್‌ನ ಫುಲ್ ಬಾಟ್ಲು ಲೆಕ್ಕದಲ್ಲಿ ವಾರಕ್ಕೆ ಹತ್ತಿರಹತ್ತಿರ ಒಂದೂವರೆ ವಿಸ್ಕಿ. ಇದನ್ನ ಅವರ ಮುಂದೆ ಪೇಪರ್ ಮೇಲೆ ಬರೆದು ತೋರಿಸಿ. ಲಿವರ್‌ಗೆ ಬರೋದು ಗ್ರಾಂ ಮಾತ್ರ, ಅದು ಯಾವ ಬಾಟ್ಲಿಂದ ಬಂತು ಅನ್ನೋದು ಅದಕ್ಕೆ ಗೊತ್ತಾಗಲ್ಲ.

ಈಗ ಮಿತಿ. ಬ್ರಿಟನ್ 2016ರಲ್ಲಿ ಗಂಡಸು ಹೆಂಗಸು ಇಬ್ಬರಿಗೂ ವಾರಕ್ಕೆ 14 ಯೂನಿಟ್ ಅಂತ ಇಟ್ಟಿತು. ಅಲ್ಲಿ ಒಂದು ಯೂನಿಟ್ 8 ಗ್ರಾಂ, ಒಟ್ಟು 112 ಗ್ರಾಂ, ಅದೂ ಮೂರು ಅಥವಾ ಅದಕ್ಕಿಂತ ಹೆಚ್ಚು ದಿನಕ್ಕೆ ಹಂಚಿ. ಸ್ಟ್ರಾಂಗ್ ಲೆಕ್ಕದಲ್ಲಿ ವಾರಕ್ಕೆ ಎರಡೂಮುಕ್ಕಾಲು ಬಾಟ್ಲು ಕೂಡ ಆಗಲ್ಲ. ಆಸ್ಟ್ರೇಲಿಯಾ 2020ರಲ್ಲಿ ವಾರಕ್ಕೆ 100 ಗ್ರಾಂ, ಯಾವುದೇ ಒಂದು ದಿನ 40 ಗ್ರಾಂ ದಾಟಬಾರದು ಅಂತು. ಒಂದು ಸ್ಟ್ರಾಂಗ್ ಬಾಟ್ಲಿಗೇ ಆ ದಿನದ ಮಿತಿ ಮುಗಿದು ಹೋಯ್ತು. ಕೆನಡಾದ 2023ರ ಸಲಹೆ ಇನ್ನೂ ಬಿಗಿ: ವಾರಕ್ಕೆ ಸುಮಾರು 27 ಗ್ರಾಂವರೆಗೆ ಅಪಾಯ ಕಮ್ಮಿ, ಅಂದ್ರೆ ವಾರಕ್ಕೆ ಒಂದೇ ಒಂದು ಮೈಲ್ಡ್ ಬಾಟ್ಲು. ಪೂರ್ತಿ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ನೇರವಾಗಿ ಹೇಳಿದೆ, ಮುಖ್ಯ ಕಾರಣ ಕ್ಯಾನ್ಸರ್.

2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಸುಮಾರು 6 ಲಕ್ಷ ಕುಡಿಯುವವರ ಅಂಕಿಅಂಶ ಒಟ್ಟುಗೂಡಿಸಿದ ಅಧ್ಯಯನ ಬಂತು. ವಾರಕ್ಕೆ 100 ಗ್ರಾಂ ಒಳಗಿದ್ದವರಿಗೆ ಹೋಲಿಸಿದ್ರೆ, 40ರ ವಯಸ್ಸಿನಲ್ಲಿ ವಾರಕ್ಕೆ 200ರಿಂದ 350 ಗ್ರಾಂ ಕುಡಿಯೋರ ಆಯಸ್ಸು 1–2 ವರ್ಷ ಕಮ್ಮಿ, 350 ದಾಟಿದವರದು 4–5 ವರ್ಷ ಕಮ್ಮಿ. 369 ಎಲ್ಲಿ ಬೀಳುತ್ತೆ ನೀವೇ ನೋಡಿ.

ಜಠರಾಗ್ನಿ

ಮೇಲಿನ ಲೆಕ್ಕ ಸರಿಯಿದೆ. ನಾನು ರಿಪೋರ್ಟ್ ಬಗ್ಗೆ ಹೇಳ್ತೀನಿ, ಅದರಲ್ಲಿ ವಿಷಯ ಇದೆ.

ಬರೀ ತೂಕ, ಊಟದಿಂದ ಬಂದ ಫ್ಯಾಟಿ ಲಿವರ್‌ನಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿ ಮುಂದೆ ಇರುತ್ತೆ. ಇವರದರಲ್ಲಿ ಎಸ್‌ಜಿಒಟಿ ಮುಂದೆ ಇದೆ, ಜೊತೆಗೆ ಜಿಜಿಟಿ ನಾರ್ಮಲ್ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಆಲ್ಕೋಹಾಲ್ ಕಡೆಗೇ ಬೆರಳು ತೋರಿಸ್ತಿದೆ. ಸಿಬಿಸಿ ರಿಪೋರ್ಟ್‌ನಲ್ಲಿ ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಅಂತ ಒಂದು ಸಾಲು ಇರುತ್ತೆ, ಅದು 100 ದಾಟಿದ್ಯಾ ನೋಡಿ. ದಿನಾ ಕುಡಿಯೋರಲ್ಲಿ ಕೆಂಪು ರಕ್ತಕಣ ದೊಡ್ಡದಾಗುತ್ತೆ.

"ಗ್ರೇಡ್ 1 ತಾನೆ" ಅಂತ ಸಮಾಧಾನ ಬೇಡ. ಗ್ರೇಡ್ ಹೇಳೋದು ಕೊಬ್ಬಿನ ಪ್ರಮಾಣ. ಲಿವರ್ ಗಟ್ಟಿಯಾಗ್ತಾ ಇದೆಯಾ ಅನ್ನೋದು ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಕೊನೆ ಹಂತದವರೆಗೂ ಕಾಣದೆ ಇರಬಹುದು. ಅದಕ್ಕೆ ಫಿಬ್-4 ಅನ್ನೋ ಲೆಕ್ಕ ಇದೆ, ಖರ್ಚಿಲ್ಲದ್ದು: ವಯಸ್ಸನ್ನ ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ (1.9 ಲಕ್ಷ ಅಂದ್ರೆ 190) ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಿ. 44 × 71 = 3124. 58ರ ವರ್ಗಮೂಲ 7.6, ಅದನ್ನ 190ರಿಂದ ಗುಣಿಸಿದ್ರೆ ಸುಮಾರು 1447. ಉತ್ತರ 2.16. 1.3ರ ಕೆಳಗಿದ್ರೆ ಗಟ್ಟಿಯಾಗಿರೋ ಸಾಧ್ಯತೆ ಕಮ್ಮಿ, 2.67 ದಾಟಿದ್ರೆ ಜಾಸ್ತಿ. ಇವರು ನಡುವೆ ಇದ್ದಾರೆ, ಹಾಗಾಗಿ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಸ್ಕ್ಯಾನ್) ಮಾಡಿಸಲೇಬೇಕು. ಇದನ್ನ ಕೈಬಿಡಬೇಡಿ.

ತೂಕ, ಬಿಪಿ, ಟ್ರೈಗ್ಲಿಸರೈಡ್ ಮೂರೂ ಇದ್ದು ಗಂಡಸರು ವಾರಕ್ಕೆ 210ರಿಂದ 420 ಗ್ರಾಂ ಕುಡಿಯೋದಿದ್ರೆ ಅದಕ್ಕೆ 2023ರಿಂದ ಮೆಟ್-ಎಎಲ್‌ಡಿ ಅಂತ ಬೇರೆಯೇ ಹೆಸರಿದೆ. ಎರಡು ಕಡೆಯಿಂದ ಏಟು ಬೀಳ್ತಿರೋ ಲಿವರ್ ಅದು. ಇಂಥವರಿಗೆ "ಎಷ್ಟಕ್ಕೆ ಇಳಿಸಬೇಕು" ಅಂದ್ರೆ, ಫೈಬ್ರೋಸ್ಕ್ಯಾನ್ ಆಗಿ ಜಿಜಿಟಿ ಇಳಿಯೋವರೆಗೂ ಸೊನ್ನೆ. ಆರೋಗ್ಯವಾಗಿರೋರ ಮಿತಿಯನ್ನ ಇವರಿಗೆ ಹಾಕೋಕೆ ಬರಲ್ಲ.

ಬಿಪಿ ಮಾತ್ರೆ ವಿಷಯ: ಕುಡಿಯೋದು ನಿಲ್ಲಿಸಿದ ಕೆಲವೇ ವಾರದಲ್ಲಿ ಬಿಪಿ ಇಳಿಯುತ್ತೆ. ಮನೆಯಲ್ಲಿ ಅಳೆದು ಬರೆದಿಡಿ, ಡಾಕ್ಟ್ರಿಗೆ ತೋರಿಸಿ. ನೀವೇ ಮಾತ್ರೆ ಬಿಡಿಸಬೇಡಿ.

ಹೊಸಪೇಟೆ ಹುಡುಗ

ಮೈಲ್ಡ್ ಒಳ್ಳೇದು ಸರ್, ಸೀದಾ ನಿಲ್ಲಿಸೋದು ಎಲ್ಲರ ಕೈಲೂ ಆಗಲ್ಲ. 41ರಿಂದ 26ಕ್ಕೆ ಇಳಿಯುತ್ತಲ್ಲ.

ಗ್ರಾಂಲೆಕ್ಕ

ಬಾಟ್ಲಿನ ಸಂಖ್ಯೆ ಅಷ್ಟೇ ಇದ್ರೆ ಇಳಿಯುತ್ತೆ. ಆಗೋದು ಏನಂದ್ರೆ, "ಮೈಲ್ಡ್ ತಾನೆ" ಅಂತ ಒಂದರ ಜಾಗಕ್ಕೆ ಎರಡು ಬರುತ್ತೆ. ಎರಡು ಮೈಲ್ಡ್ 52 ಗ್ರಾಂ, ಮುಂಚೆಗಿಂತ 11 ಗ್ರಾಂ ಜಾಸ್ತಿ, ಕ್ಯಾಲರಿಯೂ ಜಾಸ್ತಿ. ಬದಲಾಯಿಸೋದಿದ್ರೆ 650ರಿಂದ 330ಕ್ಕೆ ಬನ್ನಿ, ಮನೆಗೆ ಒಂದೇ ತನ್ನಿ. ಫ್ರಿಜ್‌ನಲ್ಲಿ ಕೇಸ್ ಇಟ್ಟುಕೊಂಡು ಒಂದಕ್ಕೆ ನಿಲ್ಲಿಸೋದು ಬಹಳ ಕಷ್ಟ. ದೊಡ್ಡ ಬಾಟ್ಲಿನ ತೊಂದರೆಯೇ ಅದು: ಮುಚ್ಚಳ ತೆಗೆದ ಮೇಲೆ ಗ್ಯಾಸ್ ಹೋಗುತ್ತೆ ಅಂತ ಪೂರ್ತಿ ಖಾಲಿ ಮಾಡ್ತಾರೆ.

ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಹೋಗೋರಿಗೂ ಒಂದು ಮಾತು. ಅಲ್ಲಿ ಲೇಬಲ್ ಇರಲ್ಲ, ಕೇಳಿ ತಿಳ್ಕೊಳ್ಳಿ. ಶೇ. 5ರ ಒಂದೂವರೆ ಲೀಟರ್ ಪಿಚರ್‌ನಲ್ಲಿ 59 ಗ್ರಾಂ ಇದೆ. ಒಂದೇ ಸಲಕ್ಕೆ 60 ಗ್ರಾಂ ಕುಡಿದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ಅತಿಕುಡಿತ. ಸ್ಟ್ರಾಂಗ್ ಆದ್ರೆ ಒಂದೂವರೆ ಬಾಟ್ಲಿಗೇ ಅಲ್ಲಿಗೆ ಮುಟ್ಟುತ್ತೆ.

ನೆರಳುಮರ

ನಿಲ್ಲಿಸೋದಕ್ಕೆ ಮುಂಚೆ ಒಂದು ವಿಷಯ ಖಚಿತ ಮಾಡ್ಕೊಳ್ಳಿ. ಎಲ್ಲಕ್ಕಿಂತ ಇದು ಮುಖ್ಯ.

ಬೆಳಿಗ್ಗೆ ಕಾಫಿ ಕುಡಿಯೋಕೆ ಮುಂಚೆ ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಅಂಗೈ ಹಿಂಭಾಗದ ಮೇಲೆ ಒಂದು ಹಾಳೆ ಇಡೋಕೆ ಹೇಳಿ. ಹಾಳೆಯ ಅಂಚು ಪಟಪಟ ನಡುಗಿದ್ರೆ, ಜೊತೆಗೆ ಬೆವರು, ಎದೆಬಡಿತ, ವಾಕರಿಕೆ ಇದ್ದು ಸಂಜೆ ಕುಡಿದ ತಕ್ಷಣ ಎಲ್ಲ ಸರಿಹೋದ್ರೆ, ದೇಹ ಅದಕ್ಕೆ ಒಗ್ಗಿಹೋಗಿದೆ ಅಂತ ಅರ್ಥ. ಅಂಥವರು ಮನೆಯಲ್ಲೇ ಏಕ್‌ದಂ ನಿಲ್ಲಿಸಬಾರದು. ಕೊನೆಯ ಗ್ಲಾಸ್ ಆದ 6 ಗಂಟೆಯಿಂದ ನಡುಕ ಶುರುವಾಗುತ್ತೆ, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣೋದು, ಹಗಲು ರಾತ್ರಿ ಗೊತ್ತಾಗದೆ ಬಡಬಡಿಸೋದು ಬರಬಹುದು. ಇದು ಪ್ರಾಣಕ್ಕೆ ಅಪಾಯ. ಡಾಕ್ಟ್ರು 5–7 ದಿನದ ಮಾತ್ರೆ ಕೊಟ್ಟು ಇಳಿಸ್ತಾ ಬರ್ತಾರೆ. ಹಿಂದೆ ಒಮ್ಮೆ ಫಿಟ್ಸ್ ಬಂದಿದ್ರೆ ಅಡ್ಮಿಟ್ ಆಗಿಯೇ ನಿಲ್ಲಿಸಬೇಕು.

ದಿನಕ್ಕೆ ಒಂದು ಬಾಟ್ಲಿನವರಲ್ಲಿ ಇಷ್ಟೆಲ್ಲ ಆಗೋದು ಅಪರೂಪ. ಆದ್ರೆ ಮನೆಯವರಿಗೆ ಹೇಳೋ ಬಾಟ್ಲು ಬೇರೆ, ನಿಜವಾದ ಬಾಟ್ಲು ಬೇರೆ ಇರೋದು ಮಾಮೂಲು, ಅದಕ್ಕೇ ನೋಡಿ ಅಂದೆ.

ಇನ್ನೊಂದು. ಕುಡಿದು ಊಟ ಬಿಟ್ಟು, ವಾಂತಿಯಾಗಿ ಸುಸ್ತಾದವರನ್ನ ಹತ್ತಿರದ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ಗ್ಲೂಕೋಸ್ ಹಾಕಿಸೋ ರೂಢಿ ನಮ್ಮಲ್ಲಿದೆ. ಥಯಮಿನ್, ಅಂದ್ರೆ ವಿಟಮಿನ್ ಬಿ1 ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಬಿ1 ಖಾಲಿಯಾದ ದೇಹಕ್ಕೆ ಬರೀ ಗ್ಲೂಕೋಸ್ ಹೋದ್ರೆ ಉಳಿದಿರೋ ಚೂರೂ ಅದಕ್ಕೇ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳುತ್ತೆ, ಕಣ್ಣು ಓಲಾಡುತ್ತೆ, ನಡಿಗೆ ತಪ್ಪುತ್ತೆ. "ಇವರು ದಿನಾ ಕುಡೀತಾರೆ" ಅಂತ ಸಂಕೋಚ ಇಲ್ಲದೆ ಡಾಕ್ಟ್ರಿಗೆ ಹೇಳಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೂ ನೋಡ್ತಾರೆ. ಮೊದಲು ಮಾತಾಡಿ ನೋಡೋಣ ಅನ್ನೋರು ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ತುಂಗಾತೀರ

ತುಂಬಾ ಉಪಕಾರ ಆಯ್ತು. ಕೈ ನಡುಕ ಇಲ್ಲ, ಇವತ್ತು ಬೆಳಿಗ್ಗೆ ಹಾಳೆ ಇಟ್ಟು ನೋಡಿದ್ವಿ. ಇನ್ನೆರಡು ಪ್ರಶ್ನೆ. ಭಾನುವಾರ ರಾತ್ರಿ ಎರಡು ಬಾಟ್ಲು ಆದ್ಮೇಲೆ ಸೋಮವಾರ ಬೆಳಿಗ್ಗೆ 6ಕ್ಕೆ ಕಾರು ತೆಗೀತಾರೆ, ಸರಿನಾ? ಮತ್ತೆ ಅವರಿಗೆ ಹಿಂದೆ ಕಿಡ್ನಿ ಸ್ಟೋನ್ ಆಗಿತ್ತು, ಬಿಯರ್ ಕುಡಿದ್ರೆ ಕಲ್ಲು ಹೋಗುತ್ತೆ ಅಂತ ಅವರ ಸ್ನೇಹಿತರು ಹೇಳಿದ್ದಾರಂತೆ.

ಗ್ರಾಂಲೆಕ್ಕ

ಕಾರಿನ ಲೆಕ್ಕ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿ.ಗ್ರಾಂ ದಾಟಬಾರದು. 82 ಕೆಜಿಯ ಗಂಡಸಿಗೆ ಎರಡು ಸ್ಟ್ರಾಂಗ್, 82 ಗ್ರಾಂ, ಒಟ್ಟು ಸುಮಾರು 147 ಮಿ.ಗ್ರಾಂ ಏರಿಸುತ್ತೆ. ಇಳಿಯೋದು ಗಂಟೆಗೆ ಸುಮಾರು 15. ರಾತ್ರಿ 8ಕ್ಕೆ ಶುರುಮಾಡಿ 11ಕ್ಕೆ ಮುಗಿಸಿದ್ರೆ ಆಗ 100ರ ಆಸುಪಾಸು ಇರುತ್ತೆ, 30ಕ್ಕೆ ಬರೋಷ್ಟರಲ್ಲಿ ಬೆಳಗಿನ ಜಾವ 4 ಆಗುತ್ತೆ. ಕೆಲವರಲ್ಲಿ ಗಂಟೆಗೆ 10 ಮಾತ್ರ ಇಳಿಯುತ್ತೆ, ಅವರಿಗೆ ಬೆಳಿಗ್ಗೆ 7 ದಾಟಿದ್ರೂ ಮಿತಿ ಮೇಲೇ. ಹಾಗಾಗಿ 6 ಗಂಟೆಗೆ ಕಾರು ಬೇಡ. ಸ್ನಾನ, ಮಜ್ಜಿಗೆ, ನಿಂಬೆಹಣ್ಣು, ಬ್ಲ್ಯಾಕ್ ಕಾಫಿ ಯಾವುದೂ ಈ ವೇಗ ಹೆಚ್ಚಿಸಲ್ಲ.

ಜಠರಾಗ್ನಿ

ಕಲ್ಲು ಬಿಯರ್‌ಗೆ ಕರಗಲ್ಲ. ನೀರು ಹಿಡಿದಿಡೋ ಹಾರ್ಮೋನನ್ನ ಆಲ್ಕೋಹಾಲ್ ತಡೆಯುತ್ತೆ, ಅದಕ್ಕೆ ಮೂತ್ರ ಜಾಸ್ತಿ ಬರುತ್ತೆ, ಅಷ್ಟೇ. ಬೇಕಾದ್ದು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗೋಷ್ಟು ನೀರು. ಬಿಯರ್‌ನಲ್ಲಿ ಪ್ಯೂರಿನ್ ಬೇರೆ ಇದೆ, ಯೂರಿಕ್ ಆಸಿಡ್ ಏರುತ್ತೆ, ಕಾಲಿನ ಹೆಬ್ಬೆರಳು ಬುಡದಲ್ಲಿ ಊದಿ ಕೆಂಪಾಗಿ ಹೊದಿಕೆ ತಾಗಿದ್ರೂ ತಡೆಯಲಾರದ ಗೌಟ್ ನೋವು ಬರೋದು ಹೀಗೆ. ಈ ವಿಷಯದಲ್ಲಿ ವಿಸ್ಕಿಗಿಂತ ಬಿಯರ್ ಕೆಟ್ಟದ್ದು. ಯೂರಿಕ್ ಆಸಿಡ್ ಒಮ್ಮೆ ಮಾಡಿಸಿ.

ಇದನ್ನ ಓದೋ ಬೇರೆಯವರಿಗೆ: ಶುಗರ್‌ಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಳ್ಳೋರು ಊಟ ಬಿಟ್ಟು ಬಿಯರ್ ಕುಡಿದ್ರೆ ನಡುರಾತ್ರಿ ಶುಗರ್ ಕುಸಿಯುತ್ತೆ, ಮನೆಯವರು ಅಮಲು ಅಂದುಕೊಂಡು ಮಲಗಿಸ್ತಾರೆ. ನಿದ್ದೆ ಮಾತ್ರೆ ಜೊತೆ ಕುಡಿದ್ರೆ ಉಸಿರಾಟವೇ ನಿಧಾನ ಆಗುತ್ತೆ. ಮೆಟ್ರೋನಿಡಜೋಲ್ ಅನ್ನೋ ಆಂಟಿಬಯಾಟಿಕ್ ಕೋರ್ಸ್ ನಡೀತಿದ್ರೆ ಮುಗಿದು ಮೂರು ದಿನ ಆಗೋವರೆಗೂ ಬೇಡ. ಹೆಂಗಸರ ದೇಹದಲ್ಲಿ ನೀರಿನ ಅಂಶ ಕಮ್ಮಿ, ಅದೇ ಬಾಟ್ಲಿಗೆ ರಕ್ತದ ಮಟ್ಟ ಹೆಚ್ಚು ಏರುತ್ತೆ, ಲಿವರ್ ಬೇಗ ಕೆಡುತ್ತೆ. ಬಸುರಿಯರಿಗೆ ಒಂದು ತೊಟ್ಟೂ ಬೇಡ. ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಇರಿಯೋ ನೋವು, ನಿಲ್ಲದ ವಾಂತಿ ಬಂದ್ರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಕೂರಬೇಡಿ. ಪ್ಯಾಂಕ್ರಿಯಾಸ್ ಊದಿರಬಹುದು, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ತುಂಗಾತೀರ

ಫೈಬ್ರೋಸ್ಕ್ಯಾನ್ ಈ ವಾರವೇ ಮಾಡಿಸಲಾ? ಬ್ಲಡ್ ಟೆಸ್ಟ್ ಮತ್ತೆ ಯಾವಾಗ?

ಜಠರಾಗ್ನಿ

ಡಾಕ್ಟ್ರನ್ನ ಈ ವಾರವೇ ನೋಡಿ. ಸ್ಕ್ಯಾನ್ ಮಾತ್ರ ಸಾಧ್ಯವಾದ್ರೆ ಕೆಲವು ವಾರ ಪೂರ್ತಿ ಬಿಟ್ಟ ಮೇಲೆ. ಕುಡೀತಿರೋವಾಗ ಲಿವರ್ ಊದಿರುತ್ತೆ, ಇರೋದಕ್ಕಿಂತ ಗಟ್ಟಿ ಅಂತ ತೋರಿಸಿಬಿಡಬಹುದು. ಜಿಜಿಟಿ ಅರ್ಧಕ್ಕೆ ಇಳಿಯೋಕೆ ಎರಡು ಮೂರು ವಾರ ಬೇಕು, ಹಾಗಾಗಿ 4ನೇ ವಾರ ಒಮ್ಮೆ, 12ನೇ ವಾರ ಇನ್ನೊಮ್ಮೆ ಮಾಡಿಸಿ. ನಿಜವಾಗಿ ಬಿಟ್ಟಿದ್ರೆ 4ನೇ ವಾರಕ್ಕೆ 140 ಇದ್ದದ್ದು 70ರ ಆಸುಪಾಸಿಗೆ ಬಂದಿರಬೇಕು. ಅಲ್ಲಾಡದೆ ನಿಂತಿದ್ರೆ ಬೇರೆ ಕಾರಣ ಹುಡುಕೋಕೆ ಹೆಪಟೈಟಿಸ್ ಬಿ, ಸಿ ಟೆಸ್ಟ್ ಸೇರಿಸಿ. ಫೈಬ್ರೋಸ್ಕ್ಯಾನ್ ದಿನ ಮುಂಚಿನ 3 ಗಂಟೆ ಏನೂ ತಿನ್ನೋ ಹಾಗಿಲ್ಲ, ತಿಂದು ಹೋದ್ರೆ ರೀಡಿಂಗ್ ಜಾಸ್ತಿ ಬರುತ್ತೆ. ಬೆಳಗಿನ ಅಪಾಯಿಂಟ್‌ಮೆಂಟ್ ತಗೊಳ್ಳಿ, ತಿಂಡಿ ವಾಪಸ್ ಬಂದ್ಮೇಲೆ.