ಪಕ್ಕಾ ಸಿದ್ಧಾಂತದವರೋ, ಸ್ವಲ್ಪ ಮೆದುವಾದವರೋ? ಅಮೆರಿಕದ ಸಬರ್ಬ್‌ನಲ್ಲಿ ಪ್ರಚಾರ ಮಾಡಿದವರು ಹೇಳಿ

ಪ್ರಶ್ನೆ: ಫಿಲಡೆಲ್ಫಿಯಾ ಪಕ್ಕದ ಸಬರ್ಬ್‌ನಲ್ಲಿದ್ದೇವೆ. ಪೌರತ್ವ ಸಿಕ್ಕಿ ಎರಡು ವರ್ಷ. ಇಲ್ಲಿನ ರಿಪಬ್ಲಿಕನ್ ಪಕ್ಷಕ್ಕೆ ಓಡಾಡುತ್ತಿದ್ದೇನೆ. ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಇಬ್ಬರಿದ್ದಾರೆ. ಒಬ್ಬರು ಸಿದ್ಧಾಂತದಲ್ಲಿ ಭಾರೀ ಗಟ್ಟಿ, ಇನ್ನೊಬ್ಬರು ಮೆದು. ಸಭೆಗೆ ಹೋದರೆ ಚಪ್ಪಾಳೆಯೆಲ್ಲ ಗಟ್ಟಿಯವರಿಗೇ. ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ಯಾರು ಗೆದ್ದಾರು?

ಬಕ್ಸ್ ಕೌಂಟಿಯಿಂದ: ಚಪ್ಪಾಳೆ ಲೆಕ್ಕ ಹಿಡಿಯಬೇಡಿ ಸರ್. ಊರಲ್ಲಾದರೆ ಟಿಕೆಟ್ ಹೈಕಮಾಂಡ್ ಕೈಲಿ. ಪೆನ್ಸಿಲ್ವೇನಿಯಾದಲ್ಲಿ ಅದು ಪಕ್ಷದ ಹೆಸರಲ್ಲಿ ನೋಂದಾಯಿಸಿದ ಮತದಾರರ ಕೈಲಿ. ಅವರಿಗೆ ಖಾರ ಇಷ್ಟ. ನವೆಂಬರ್‌ನಲ್ಲಿ ಬರುವವರೇ ಬೇರೆ.

2022ರಲ್ಲಿ ಗವರ್ನರ್ ಹುದ್ದೆಗೆ ಡಗ್ ಮಾಸ್ಟ್ರಿಯಾನೊ ಪ್ರೈಮರಿ ಗೆದ್ದರು. 2020ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಒಪ್ಪದವರು, ಗರ್ಭಪಾತದ ಕಡು ವಿರೋಧಿ. ಡೆಮಾಕ್ರಟ್ ಜಾಶ್ ಶಪಿರೊ ಎದುರು ಸುಮಾರು 15 ಪಾಯಿಂಟ್ (ಶೇಕಡಾ ಲೆಕ್ಕದಲ್ಲಿ) ಅಂತರದಲ್ಲಿ ಸೋತರು. ಅದೇ ದಿನ ಸೆನೆಟ್‌ಗೆ ನಿಂತಿದ್ದ ರಿಪಬ್ಲಿಕನ್ ಮೆಹ್ಮೆಟ್ ಆಜ್ ಸೋತದ್ದು 5 ಪಾಯಿಂಟ್‌ಗೆ. ನಮ್ಮ ಬಕ್ಸ್‌ನ ಬ್ರಯನ್ ಫಿಟ್ಜ್‌ಪ್ಯಾಟ್ರಿಕ್, ಅವರೂ ರಿಪಬ್ಲಿಕನ್ನೇ, ಆದರೆ ಮೆದು, ಅಮೆರಿಕ ಸಂಸತ್ತಿನ ಕೆಳಮನೆಗೆ ಆರಾಮಾಗಿ ಗೆದ್ದರು.

ನಮ್ಮ ಬೀದಿ ತಿರುವಿನ ಮನೆ ಮುಂದೆ ಹುಲ್ಲಿನಲ್ಲಿ ಶಪಿರೊ ಬೋರ್ಡು, ಪಕ್ಕದಲ್ಲೇ ಫಿಟ್ಜ್‌ಪ್ಯಾಟ್ರಿಕ್ ಬೋರ್ಡು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಇರಬೇಕು ಅಂದುಕೊಂಡೆ. ಕೇಳಿದರೆ ಇಬ್ಬರೂ ಇಬ್ಬರಿಗೂ ಹಾಕುವವರು! ಪಕ್ಷದ ಮೇಲೇ ಸಿಟ್ಟಿದ್ದರೆ ಎರಡನೇ ಬೋರ್ಡು ಇರುತ್ತಿರಲಿಲ್ಲ, ಅಲ್ವಾ?

ಆಶ್‌ಬರ್ನ್, ವರ್ಜೀನಿಯಾದಿಂದ: ಅಷ್ಟು ಸಲೀಸಲ್ಲ. ನಮ್ಮಲ್ಲಿ 2018ರಲ್ಲಿ ಕೆಳಮನೆಗೆ ನಿಂತಿದ್ದ ರಿಪಬ್ಲಿಕನ್ ಬಾರ್ಬರಾ ಕಾಮ್‌ಸ್ಟಾಕ್ ಟ್ರಂಪ್‌ರಿಂದ ತುಸು ದೂರ ನಿಂತೇ ಪ್ರಚಾರ ಮಾಡಿದರು. ಆದರೂ ಡೆಮಾಕ್ರಟ್ ಜೆನಿಫರ್ ವೆಕ್ಸ್‌ಟನ್ ಎದುರು ಸೋತರು. ಸೆನೆಟ್‌ಗೆ ಅದೇ ಪಕ್ಷದಿಂದ ನಿಂತಿದ್ದವರು ಕೋರಿ ಸ್ಟೂವರ್ಟ್, ಕಾನ್ಫೆಡರೇಟ್ (ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದವರ) ಸ್ಮಾರಕಗಳ ಪರ ಕೂಗಾಡಿದವರು. ಜೊತೆಗೆ ಟ್ರಂಪ್ ಮೇಲಿನ ಸಿಟ್ಟು ಬೇರೆ. ಗಾಳಿ ಎದುರಿದ್ದರೆ ಮೆದುವಾದವರೂ ಹಾರಿಹೋಗುತ್ತಾರೆ.

2021ರಲ್ಲಿ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್ ಬಂದರು. ಕಾಗದದ ಮೇಲೆ ಅವರೇನೂ ನಡುಪಂಥದವರಲ್ಲ. ಆದರೆ ಬಾಯಿ ತೆರೆದರೆ ಸ್ಕೂಲು, ದಿನಸಿ ಮೇಲಿನ ತೆರಿಗೆ. ಆಗ ನಾನು ಮನೆ ಮನೆ ಸುತ್ತಿದ್ದೆ. ಮುಕ್ಕಾಲು ಜನ ಬಾಗಿಲೇ ತೆರೆಯುವುದಿಲ್ಲ, ಬೆಲ್‌ನ ಕ್ಯಾಮೆರಾದಲ್ಲೇ ಮಾತು. ಒಬ್ಬಾಕೆ ಕೈಗೆ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದು, ಕೊರೊನಾ ಸಮಯದಲ್ಲಿ ಮಗನ ಒಂದು ವರ್ಷ ಲ್ಯಾಪ್‌ಟಾಪ್ ಮುಂದೆಯೇ ಕಳೆಯಿತೆಂದು ಇಪ್ಪತ್ತು ನಿಮಿಷ ಬೈದರು. ಸಿದ್ಧಾಂತದ ಸುದ್ದಿಯೇ ಬರಲಿಲ್ಲ.

ನಮ್ಮ ಲೌಡನ್ ಕೌಂಟಿಯಲ್ಲಿ ಯಂಗ್‌ಕಿನ್ ಸೋತರು. ಆದರೆ 2020ರಲ್ಲಿ ಟ್ರಂಪ್ ಇಲ್ಲಿ 25 ಪಾಯಿಂಟ್ ಹಿಂದಿದ್ದರು, ಇವರು ಸುಮಾರು 11 ಅಷ್ಟೇ. ರಾಜ್ಯ ಗೆಲ್ಲಲು ಅದು ಸಾಕಾಯಿತು. ಸಬರ್ಬ್ ಗೆಲ್ಲಲೇಬೇಕಂತಿಲ್ಲ ಸರ್, ಕಮ್ಮಿ ಸೋತರೂ ನಡೆಯುತ್ತದೆ. 2023ರಲ್ಲಿ ಅದೇ ಯಂಗ್‌ಕಿನ್ 15 ವಾರದ ಗರ್ಭಪಾತ ಮಿತಿಯನ್ನು ಮುಂದಿಟ್ಟರು. ಆ ವರ್ಷದ ಚುನಾವಣೆಯಲ್ಲಿ ರಾಜ್ಯ ಶಾಸನಸಭೆಯ ಎರಡೂ ಮನೆ ಡೆಮಾಕ್ರಟರ ಪಾಲಾಯಿತು.

ಎದುರು ಪಕ್ಷಕ್ಕೆ ಓಡಾಡುವವಳು: ಆ ಹಿಟ್ಟಿನ ಕೈ ನಮಗೂ ಗೊತ್ತು ಬಿಡಿ! 2021ರಲ್ಲಿ ಯಂಗ್‌ಕಿನ್ ಎದುರು ನಿಂತಿದ್ದ ನಮ್ಮ ಟೆರ್ರಿ ಮೆಕಾಲಿಫ್, ಶಾಲೆ ಏನು ಕಲಿಸಬೇಕೆಂದು ಅಪ್ಪ ಅಮ್ಮ ಹೇಳಬಾರದು ಎಂಬರ್ಥದಲ್ಲಿ ಚರ್ಚೆಯಲ್ಲಿ ಹೇಳಿಬಿಟ್ಟರು. ಆಮೇಲೆ ಪ್ರತಿ ಬಾಗಿಲಲ್ಲೂ ಅದಕ್ಕೇ ಉತ್ತರ ಹೇಳಿದೆವು. ಒಂದು ಶನಿವಾರ ನಿಮ್ಮ ಪ್ರೈಮರಿಯ ಇಬ್ಬರ ಜೊತೆಗೂ ಒಂದೊಂದು ಬೀದಿ ನಡೆದು ನೋಡಿ. ಪಕ್ಷದವರ ಮನೆ ಬಿಟ್ಟು ಬೇರೆ ಬಾಗಿಲು ತಟ್ಟಿ. ಯಾರ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಬರೆದಿಟ್ಟುಕೊಳ್ಳಿ.